ತಪ್ಪಿದ ತಿಂಗಳು

ಕನ್ನಡದಲ್ಲಿ 'ತಪ್ಪು' ಎಂಬುದು ಕ್ರಿಯಾಪದವೂ ಹೌದು, ನಾಮಪದವೂ ಹೌದು. ಬಸ್ಸು ತಪ್ಪುತ್ತದೆ, ಲೆಕ್ಕ ತಪ್ಪುತ್ತದೆ, ಹಾಡುವವನಿಗೆ ತಾಳ ತಪ್ಪುತ್ತದೆ; ಇವುಗಳಲ್ಲಿ ಯಾವುದಕ್ಕೂ ನಾವು ಯಾರನ್ನೂ ಕಟಕಟೆಯಲ್ಲಿ ನಿಲ್ಲಿಸುವುದಿಲ್ಲ. ಆದರೆ ಹೆಣ್ಣೊಬ್ಬಳಿಗೆ ತಿಂಗಳು ತಪ್ಪಿತೆಂದರೆ, ಆ ಕ್ರಿಯಾಪದವು ಕಣ್ಣುಮುಚ್ಚಿ ತೆರೆಯುವುದರೊಳಗೆ ನಾಮಪದವಾಗಿಬಿಡುತ್ತದೆ. ತಪ್ಪಿದ್ದು ತಿಂಗಳು, ತಪ್ಪು ಮಾತ್ರ ಅವಳದು. ಇಪ್ಪತ್ತು ವರ್ಷಗಳಿಂದ ಕಾಲೇಜಿನಲ್ಲಿ ವ್ಯಾಕರಣ ಪಾಠ ಹೇಳುತ್ತಿರುವ ನನಗೆ ಈ ರೂಪಾಂತರವು ಕಳೆದ ವರ್ಷದವರೆಗೆ ಕಣ್ಣಿಗೆ ಬಿದ್ದಿರಲಿಲ್ಲವೆಂಬುದನ್ನು ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ.

ಭಾನುವಾರದ ಸಾಹಿತ್ಯದ ಪುಟಕ್ಕೆ ಇದು ಒಪ್ಪುವ ವಿಷಯವೇ ಎಂದು ಕೆಲವರು ಹುಬ್ಬೇರಿಸಬಹುದು. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನೂ ಒಲ್ಲೆವೆಂದ ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ಈ ಮಾತಿಗೆ ನಮ್ಮ ಸಾಹಿತ್ಯದಲ್ಲಿ ಮಣೆ ಹಾಕಿಟ್ಟು ಹೋಗಿದ್ದಾರೆ. ನಾನು ಹೊಸದಾಗಿ ಬಾಗಿಲು ಒಡೆಯುತ್ತಿಲ್ಲ.

ನಡೆದದ್ದು ಇಷ್ಟು. ಕಳೆದ ವರ್ಷ ಜುಲೈ ತಿಂಗಳ ಒಂದು ಮಧ್ಯಾಹ್ನ ಅಂತಿಮ ಬಿ.ಎ. ತರಗತಿಯ ಹುಡುಗಿಯೊಬ್ಬಳು ವರ್ಗಾವಣೆ ಪತ್ರದ ಅರ್ಜಿಗೆ ನನ್ನ ರುಜು ಬೇಕೆಂದು ಬಂದು ನಿಂತಳು. (ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.) ಹಳಗನ್ನಡವನ್ನು ಎಡವದೆ ಓದುತ್ತಿದ್ದ ಹುಡುಗಿ. ಈಚಿನ ಕೆಲವು ತಿಂಗಳುಗಳಿಂದ ಮಾತ್ರ ತರಗತಿಯಲ್ಲಿ ತೂಕಡಿಸುತ್ತಿದ್ದಳು. ಎರಡು ಸಲ ನಾನು ಎಲ್ಲರೆದುರಿಗೆ ಅವಳನ್ನು ಗದರಿಸಿದ್ದುಂಟು. "ಇನ್ನೊಂದು ವರ್ಷಕ್ಕೆ ಏಕಮ್ಮ ಬಿಡುತ್ತೀಯೆ?" ಎಂದು ಕೇಳಿದೆ. ಬಹಳ ಹೊತ್ತು ನೆಲ ನೋಡಿ, ಕೊನೆಗೆ, "ಮೇಡಮ್, ನನಗೆ ಡೇಟ್ ಆಗಿಲ್ಲ. ಮನೆಯಲ್ಲಿ ಯಾರೂ ನನ್ನ ಮಾತು ನಂಬುತ್ತಿಲ್ಲ" ಎಂದಳು.

ಮುಟ್ಟು ನಲವತ್ತು ದಿನ ತಡವಾಗಿತ್ತು. ತಾಯಿ ಔಷಧದ ಅಂಗಡಿಯಿಂದ ಕಡ್ಡಿ ತರಿಸಿ ಒಮ್ಮೆ ನೋಡಿದರು, ಒಂದೇ ಗೆರೆ. ಹದಿನೈದು ದಿನ ಬಿಟ್ಟು ಮತ್ತೊಮ್ಮೆ ನೋಡಿದರು; ಆಗಲೂ ಒಂದೇ ಗೆರೆ. ಆದರೆ ಹುಡುಗಿಯ ಮೈಕೈ ಸ್ವಲ್ಪ ತುಂಬಿಕೊಂಡಿತ್ತು, ಸದಾ ಮಂಪರು, ಕೆಲಸದಲ್ಲಿ ಆಲಸ್ಯ. ಇನ್ನೇನು ಸಾಕ್ಷಿ ಬೇಕು? ತಂದೆಯ ಅಕ್ಕ, "ಕಡ್ಡಿ ಸುಳ್ಳು ಹೇಳೀತು, ಮೈ ಸುಳ್ಳು ಹೇಳುತ್ತದೆಯೆ?" ಎಂದರಂತೆ. ಮೊಬೈಲು ಕಪಾಟಿನೊಳಗೆ ಹೋಯಿತು. ಓದು ಸಾಕೆಂದು ತೀರ್ಪಾಯಿತು.

ಆ ಅತ್ತೆಯ ಮಾತನ್ನು ನಾನು ಆಮೇಲೆ ಬಹಳ ಯೋಚಿಸಿದ್ದೇನೆ. ಮೈ ಸುಳ್ಳು ಹೇಳುವುದಿಲ್ಲವೆಂಬುದು ನಿಜ. ಆದರೆ ಅದರ ಮಾತಿಗೆ ನಮ್ಮಲ್ಲಿ ಇರುವ ನಿಘಂಟು ಒಂದೇ ಅರ್ಥದ್ದು. 'ಮುಟ್ಟು ನಿಂತಿತು' ಎಂದರೆ ಬಸಿರು. ಇಲ್ಲವೆ, ವಯಸ್ಸಾದವಳಾದರೆ, ಇನ್ನು ಮುಂದೆ ಅದು ಬಾರದು. ನಡುವಣ ಸಾವಿರ ಕಾರಣಗಳಿಗೆ ಆಡುಮಾತಿನಲ್ಲಿ ಹೆಸರೇ ಇಲ್ಲ. ಬರುವ ಮುಟ್ಟಿಗೆ ಎಷ್ಟು ಹೆಸರುಗಳಿವೆ ನೋಡಿ: ಹೊರಗಾದಳು, ದೂರ ಕೂತಳು, ಮಕ್ಕಳಿಗೆ ಹೇಳುವಾಗ ಕಾಗೆ ಮುಟ್ಟಿತು. ಬಾರದ ಮುಟ್ಟಿಗೆ ಮಾತ್ರ ಪಿಸುಮಾತು. ಬಸುರಿಯ ಬಯಕೆಯ ಹಾಡುಗಳು ಒಂದನೆಯ ತಿಂಗಳಿನಿಂದ ಒಂಬತ್ತರವರೆಗೆ ಏನೇನು ಬೇಕೆನಿಸಿತೆಂದು ಎಣಿಸುತ್ತ ಹೋಗುತ್ತವೆ. ಬಸುರಿಲ್ಲದೆ ತಪ್ಪಿದ ತಿಂಗಳಿಗೆ ಹಾಡು ಕಟ್ಟಿದವರನ್ನು ನಾನು ಕಾಣೆ. ಸುಶ್ರುತಸಂಹಿತೆಯಂಥ ಪ್ರಾಚೀನ ವೈದ್ಯಗ್ರಂಥವಾದರೂ ಸಕಾಲಕ್ಕೆ ಕಾಣಿಸದ ಆರ್ತವವನ್ನು 'ಆರ್ತವಕ್ಷಯ'ವೆಂದು ಹೆಸರಿಸಿ, ಬೇರೆಯೇ ಒಂದು ದೇಹಸ್ಥಿತಿಯಾಗಿ ಗುರುತಿಸಿತ್ತು. ಶಾಸ್ತ್ರ ಬಲ್ಲದ್ದನ್ನು ಪಡಸಾಲೆ ಮರೆತಿದೆ.

ಇದಕ್ಕೆ ಕೆಲವು ತಿಂಗಳು ಮುಂಚೆ, ಫೆಬ್ರವರಿಯಲ್ಲಿ, ನನಗೇ ಐವತ್ತೆರಡು ದಿನ ಮುಟ್ಟು ಬಂದಿರಲಿಲ್ಲ. ವಯಸ್ಸು ನಲವತ್ತಾರು. ಸಂದೇಹ ತೀರಲೆಂದು ಅಂಗಡಿಗೆ ಹೋದರೆ ಗಲ್ಲದಲ್ಲಿ ನನ್ನ ಹಳೆಯ ವಿದ್ಯಾರ್ಥಿ! ಪಾಪ, ಅವನು ನನಗಿಂತ ಹೆಚ್ಚು ಸಂಕೋಚಪಟ್ಟು, ಪೊಟ್ಟಣವನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಕೊಟ್ಟ. ಮನೆಗೆ ಬಂದು ಬಿಚ್ಚಿದರೆ ಅದು ಸಾಹಿತ್ಯ ಪುರವಣಿಯ ಹಾಳೆ. ನಮ್ಮ ಲೇಖನಗಳ ಗತಿ ಇಷ್ಟೇ ಎಂದುಕೊಂಡೆ. ಗೆರೆ ಒಂದೇ ಬಂತು. "ಡಾಕ್ಟರಿಗೆ ತೋರಿಸಿಕೊಂಡು ಬಾ" ಎಂದರು ಯಜಮಾನರು. ಯಾರೂ ನನ್ನ ಶೀಲವನ್ನು ಕೇಳಲಿಲ್ಲ. ಅದೇ ವಿಳಂಬವು ಹೊಸದಾಗಿ ಮದುವೆಯಾದವಳಲ್ಲಿ ಸಿಹಿಸುದ್ದಿ, ಕಡ್ಡಿ ಒಂದೇ ಗೆರೆ ತೋರಿತೆಂದರೆ ಅತ್ತೆಯ ಮುಖ ಬಾಡುತ್ತದೆ, ನನ್ನಂಥವಳಲ್ಲಿ ವಯೋಧರ್ಮ, ಓದುವ ಹುಡುಗಿಯಲ್ಲಿ ಕಳಂಕ. ದೇಹದ ವಾಕ್ಯ ಒಂದೇ, ಅನ್ವಯ ಮಾತ್ರ ಓದುವವರ ಮನಸ್ಸಿನಲ್ಲಿ.

ಕಡ್ಡಿಯ ವಿಷಯವನ್ನೂ ಸ್ವಲ್ಪ ಹೇಳಬೇಕು. 1920ರ ದಶಕದ ಕೊನೆಯಲ್ಲಿ ಬರ್ಲಿನ್ನಿನ ವೈದ್ಯರಾದ ಆಶೈಮ್ ಮತ್ತು ಜೋಂಡೆಕ್ ಎಂಬವರು ಹೆಂಗಸಿನ ಮೂತ್ರವನ್ನು ಎಳೆಯ ಇಲಿಗಳಿಗೆ ಚುಚ್ಚಿ, ದಿನಗಟ್ಟಲೆ ಕಾದು, ಅವುಗಳನ್ನು ಕೊಯ್ದು ನೋಡಿ ಗರ್ಭವನ್ನು ಪತ್ತೆ ಹಚ್ಚುತ್ತಿದ್ದರು. ಮನೆಯಲ್ಲಿಯೇ ನೋಡಿಕೊಳ್ಳುವ ಸಾಧನದ ಮಾದರಿಯನ್ನು 1967ರಲ್ಲಿ ಮಾಡಿದವರು ಅಮೆರಿಕದ ಮಾರ್ಗರೇಟ್ ಕ್ರೇನ್ ಎಂಬ ವಿನ್ಯಾಸಕಿ. ಈಗ ನಮ್ಮ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರ ಚೀಲದಲ್ಲಿ 'ನಿಶ್ಚಯ' ಎಂಬ ಹೆಸರಿನ ಕಿಟ್ಟು ಇರುತ್ತದೆ. ಹೆಸರಿಟ್ಟವರು ರಸಿಕರು, ಆದರೆ ನಿಶ್ಚಯವೆಂಬುದು ಅಷ್ಟು ಸುಲಭದ ವಸ್ತುವಲ್ಲ.

ನಮ್ಮ ಭಾಷೆಯ ಒಂದು ಸೊಗಸು ಇಲ್ಲಿ ನೆರವಿಗೆ ಬರುತ್ತದೆ. ಇಂಗ್ಲಿಷಿನವರು 'ನಾಟ್' ಎಂಬ ಒಂದೇ ಮಾತಿನಲ್ಲಿ ಮುಗಿಸುವುದನ್ನು ನಾವು 'ಇಲ್ಲ' ಎಂದೂ 'ಅಲ್ಲ' ಎಂದೂ ಬಿಡಿಸಿ ಹೇಳುತ್ತೇವೆ. ಇರುವಿಕೆಯ ನಿಷೇಧ ಒಂದು, ಆಗಿರುವಿಕೆಯ ನಿಷೇಧ ಇನ್ನೊಂದು. ಕಡ್ಡಿ ಹೇಳುವುದು 'ಇಲ್ಲ'ವನ್ನು ಮಾತ್ರ: ಈ ಹೊತ್ತಿನ ಈ ಮೂತ್ರದಲ್ಲಿ ಎಚ್‌ಸಿಜಿ ಎಂಬ ಹಾರ್ಮೋನು ನನಗೆ ಕಾಣುವಷ್ಟು ಇಲ್ಲ, ಎಂದು. ಆ ಹಾರ್ಮೋನು ಹುಟ್ಟುವುದು ಗರ್ಭವು ಗರ್ಭಕೋಶದ ಗೋಡೆಗೆ ಅಂಟಿದ ಮೇಲೆ, ಎಂದರೆ ಅಂಡ ಬಿಡುಗಡೆಯಾಗಿ ಆರರಿಂದ ಹನ್ನೆರಡು ದಿನಗಳ ಬಳಿಕ. ಅವಸರಪಟ್ಟು ನೋಡಿದರೆ, ಅಥವಾ ಚೊಂಬುಗಟ್ಟಲೆ ನೀರು ಕುಡಿದು ಮಧ್ಯಾಹ್ನ ನೋಡಿದರೆ, ಇದ್ದರೂ ಇಲ್ಲವೆಂದೀತು. ಬೆಳಗಿನ ಮೊದಲ ಮೂತ್ರದಲ್ಲಿ ನೋಡಿ, ಮುಟ್ಟು ಬಾರದಿದ್ದರೆ ವಾರ ಬಿಟ್ಟು ಮತ್ತೆ ನೋಡಬೇಕು. ಕೊನೆಯ ಸಂಗವಾಗಿ ಮೂರು ವಾರ ಕಳೆದ ಮೇಲೂ ಒಂದೇ ಗೆರೆಯಾದರೆ, ಆಗ 'ಇಲ್ಲ'ವು ಬಹುಮಟ್ಟಿಗೆ 'ಅಲ್ಲ'ವಾಗುತ್ತದೆ. ಆಮೇಲೂ ಸಂದೇಹವಿದ್ದರೆ ರಕ್ತಪರೀಕ್ಷೆಯುಂಟು. ಹೊಟ್ಟೆಯ ಕೆಳಭಾಗದಲ್ಲಿ, ಅದರಲ್ಲಿಯೂ ಒಂದು ಪಕ್ಕದಲ್ಲಿ, ತೀವ್ರ ನೋವು, ತಲೆಸುತ್ತು, ಕಣ್ಣುಕತ್ತಲೆ ಬಂದರೆ ಮಾತ್ರ ಗೆರೆಗಳನ್ನು ಎಣಿಸುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಓಡಬೇಕು. ಗರ್ಭವು ನಾಳದಲ್ಲಿ ನಿಂತಿದ್ದರೆ ಅದು ಪ್ರಾಣಾಪಾಯ.

ಸರಿ, ಗರ್ಭವಲ್ಲ. ಹಾಗಾದರೆ ಏನು? ಈ ಎರಡನೆಯ ಪ್ರಶ್ನೆಯನ್ನು ನಮ್ಮ ಮನೆಗಳು ಕೇಳುವುದೇ ಇಲ್ಲ. ಇಪ್ಪತ್ತೆಂಟು ದಿನ ಎಂಬುದು ಪಂಚಾಂಗದ ಮಾತಲ್ಲ, ಸರಾಸರಿಯ ಮಾತು. ಒಂದು ಮುಟ್ಟಿನ ಮೊದಲ ದಿನದಿಂದ ಮುಂದಿನದರ ಮೊದಲ ದಿನಕ್ಕೆ 21ರಿಂದ 35 ದಿನ ಹಿಡಿದರೂ ಸಹಜವೇ. ಮೈನೆರೆದ ಮೊದಮೊದಲ ವರ್ಷಗಳಲ್ಲಿ 45 ದಿನವಾದರೂ ಗಾಬರಿಯಿಲ್ಲ. ಅಂಡ ಹೊರಬಿದ್ದು ಗರ್ಭ ನಿಲ್ಲದಿದ್ದರೆ ಸುಮಾರು ಹದಿನಾಲ್ಕು ದಿನಕ್ಕೆ ಸ್ರಾವವಾಗುತ್ತದೆ. ಈ ಉತ್ತರಾರ್ಧ ಹೆಚ್ಚು ಕದಲದು. ಹಿಗ್ಗುವುದು ಕುಗ್ಗುವುದು ಪೂರ್ವಾರ್ಧ. ಮುಟ್ಟು ತಡವಾಯಿತೆಂದರೆ ಬಹಳ ಸಲ ಅಂಡವೇ ತಡವಾಗಿ ಹೊರಟಿತೆಂದೋ, ಹೊರಡಲೇ ಇಲ್ಲವೆಂದೋ ಅರ್ಥ. ಹೊರಡಿಸುವ ಆಜ್ಞೆ ಬರುವುದು ಮೆದುಳಿನ ಬುಡದಿಂದ. ಊಟ ಬಿಟ್ಟು ಮೈ ಇಳಿಸಿದರೆ, ಪರೀಕ್ಷೆಯ ಚಿಂತೆಯಲ್ಲಿ ನಿದ್ದೆಗೆಟ್ಟರೆ, ಜ್ವರ ಬಿದ್ದೆದ್ದರೆ, ಅತಿಯಾಗಿ ಕಸರತ್ತು ಮಾಡಿದರೆ, ಇದು ಗರ್ಭಕ್ಕೆ ಕಾಲವಲ್ಲವೆಂದು ಮೆದುಳು ಆಜ್ಞೆಯನ್ನು ತಡೆಹಿಡಿಯುತ್ತದೆ. ಬರಗಾಲದಲ್ಲಿ ರೈತ ಬಿತ್ತನೆಯನ್ನು ಮುಂದಕ್ಕೆ ಹಾಕುವಂತೆ. 'ಋತು' ಎಂಬ ಮಾತಿಗೆ ಎರಡೂ ಅರ್ಥಗಳು ಸುಮ್ಮನೆ ಬಂದವಲ್ಲ. ಇನ್ನು, ಚಿಕಾಗೊ ನಗರದ ಸ್ಟೈನ್ ಮತ್ತು ಲೆವೆಂತಾಲ್ ಎಂಬ ವೈದ್ಯರು 1935ರಲ್ಲಿ ವರ್ಣಿಸಿದ, ಈಗ ನಮ್ಮ ಹುಡುಗಿಯರ ಬಾಯಲ್ಲಿ 'ಪಿಸಿಓಡಿ' ಎಂದು ಬಳಕೆಯಾಗಿರುವ ತೊಂದರೆ ಹತ್ತು ಹೆಂಗಸರಲ್ಲಿ ಒಬ್ಬರಿಗಾದರೂ ಇದೆ. ಥೈರಾಯ್ಡಿನ ಏರುಪೇರು, ಪ್ರೊಲ್ಯಾಕ್ಟಿನ್ ಹೆಚ್ಚುವುದು, ಕೆಲವು ಔಷಧಗಳು, ಇವೂ ಇವೆ. ಸರ್ಕಾರವೇ ಕೊಡುವ 'ಛಾಯಾ' ಗುಳಿಗೆಯಿಂದಲೂ 'ಅಂತರಾ' ಚುಚ್ಚುಮದ್ದಿನಿಂದಲೂ ಮುಟ್ಟು ಹಿಂದುಮುಂದಾಗುವುದು ತಿಳಿದ ಸಂಗತಿ.

ಆ ಹುಡುಗಿಯನ್ನು ತಾಯಿಯೊಡನೆ ನಾನೇ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ವೈದ್ಯೆ ಮೂರನೆಯ ಸಲ ಪರೀಕ್ಷೆ ಮಾಡಿಸಿದರು. ಮತ್ತೆ ಒಂದೇ ಗೆರೆ. ಬಳಿಕ ಅವರು ಕೇಳಿದ ಪ್ರಶ್ನೆಗಳು ಬೇರೆ: ಚಳಿ ಹೆಚ್ಚಾಗುತ್ತದೆಯೆ? ಕೂದಲು ಉದುರುತ್ತದೆಯೆ? ಮಲಬದ್ಧತೆ ಉಂಟೆ? ಹಗಲು ನಿದ್ದೆ ಬರುತ್ತದೆಯೆ? ಎಲ್ಲಕ್ಕೂ ಹೌದು. ರಕ್ತಪರೀಕ್ಷೆಯಲ್ಲಿ ಥೈರಾಯ್ಡ್ ಗ್ರಂಥಿ ಮಂದವಾಗಿರುವುದು ಕಂಡಿತು. ಮನೆಯವರು ಬಸಿರಿನ ಸಾಕ್ಷಿಯೆಂದು ಹಿಡಿದ ಮೈತೂಕ, ನಾನು ಸೋಮಾರಿತನದ ಸಾಕ್ಷಿಯೆಂದು ಹಿಡಿದ ತೂಕಡಿಕೆ, ಎರಡೂ ಒಂದೇ ಗ್ರಂಥಿಯ ಅಕ್ಷರಗಳು. ಪದ್ಯದ ಅರ್ಥವನ್ನು ಸಂದರ್ಭ ಬಿಟ್ಟು ಹೇಳಬಾರದೆಂದು ಮಕ್ಕಳಿಗೆ ಬೋಧಿಸುವವಳು ನಾನು! ಬೆಳಗ್ಗೆ ಬರಿಹೊಟ್ಟೆಗೆ ಒಂದು ಪುಟ್ಟ ಮಾತ್ರೆ, ಚಿಕಿತ್ಸೆಯೆಂದರೆ ಅಷ್ಟೆ.

ಒಂದು ವೇಳೆ ಎರಡು ಗೆರೆ ಬಂದಿದ್ದರೆ? ನನ್ನ ವಾದ ಬೀಳುತ್ತಿತ್ತೆ? ಇಲ್ಲವೆನ್ನುತ್ತೇನೆ. ಆಗಲೂ ಅವಳಿಗೆ ಬೇಕಾಗಿದ್ದುದು ಕಪಾಟಿನ ಬೀಗವಲ್ಲ, ವೈದ್ಯೆ. 1971ರ ಗರ್ಭಪಾತ ಕಾಯಿದೆಯನ್ನು 2021ರಲ್ಲಿ ತಿದ್ದಿದ ಮೇಲೆ, ಅವಿವಾಹಿತೆಗೂ ಅದರ ಆಶ್ರಯವುಂಟೆಂದು 2022ರಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿದೆ. ಆದರೆ ಕಾನೂನು ವಾರಗಳ ಲೆಕ್ಕದಲ್ಲಿ ನಡೆಯುತ್ತದೆ; ಭಯದಲ್ಲಿ ಕಳೆದ ವಾರಗಳನ್ನು ಯಾವ ನ್ಯಾಯಾಲಯವೂ ಹಿಂದಿರುಗಿಸದು.

ನಮ್ಮ ಕಾಲೇಜುಗಳು ಇದರಲ್ಲಿ ನಿರ್ದೋಷಿಗಳೆಂದು ನಾನು ಒಪ್ಪಲಾರೆ. 2025ರ ಅಕ್ಟೋಬರಿನಲ್ಲಿ ನಮ್ಮ ರಾಜ್ಯದ ಸಚಿವ ಸಂಪುಟವು ದುಡಿಯುವ ಮಹಿಳೆಯರಿಗೆ ತಿಂಗಳಿಗೊಂದು ದಿನ ಋತುಚಕ್ರದ ರಜೆಗೆ ಸಮ್ಮತಿಸಿತು. ಒಳ್ಳೆಯದೇ. ಬರುವ ಮುಟ್ಟಿಗೆ ರಜೆಯ ಮಾತಾಯಿತು. ಬಾರದ ಮುಟ್ಟಿಗೆ ಒಂದು ಕುರ್ಚಿ, ಕೇಳುವ ಒಂದು ಕಿವಿಯಾದರೂ ಬೇಡವೆ? ಮೂರು ತಿಂಗಳು ಮುಟ್ಟು ಕಾಣದಿದ್ದರೆ ವೈದ್ಯರ ಬಳಿಗೆ ಹೋಗಲೇಬೇಕೆಂಬ ಒಂದು ವಾಕ್ಯವನ್ನು ನಾವು ಅಧ್ಯಾಪಕಿಯರು ತರಗತಿಯಲ್ಲಿ ಉಚ್ಚರಿಸಿದರೆ ಪಠ್ಯಕ್ರಮ ಕೆಡುವುದಿಲ್ಲ. ಅಧ್ಯಾಪಕರು ಉಚ್ಚರಿಸಿದರೂ ಕೆಡುವುದಿಲ್ಲ.

ಎರಡು ತಿಂಗಳ ತರುವಾಯ ಒಂದು ಬೆಳಗ್ಗೆ ನನ್ನ ಮೊಬೈಲಿಗೆ ಸಂದೇಶ ಬಂತು: "ಮೇಡಮ್, ಬಂತು." ಅಷ್ಟೆ. ಕರ್ತೃಪದ ಬಿಟ್ಟ ವಾಕ್ಯಕ್ಕೆ ಸಾಮಾನ್ಯವಾಗಿ ನಾನು ಅಂಕ ಕಳೆಯುತ್ತೇನೆ.

ಅದೇ ವಾರ ಅವಳ ತಾಯಿ ಮನೆಗೆ ಬಂದರು. ಮಡಿಲಲ್ಲಿ ಒಂದಿಷ್ಟು ಅವರೆಕಾಯಿ. ಮಗಳು ಮತ್ತೆ ತರಗತಿಗೆ ಬರುತ್ತಿರುವುದನ್ನೂ ಅತ್ತಿಗೆ ಈಗ ಮಾತಾಡದಿರುವುದನ್ನೂ ಹೇಳಿದರು. ಕಾಫಿ ಕುಡಿದು ಲೋಟ ಕೆಳಗಿಟ್ಟರೂ ಏಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, "ಮೇಡಮ್ಮೋರೆ, ನಂಗೂ ನಾಲ್ಕು ತಿಂಗಳಿಂದ ಆಗಿಲ್ಲ. ಮಗಳ ಗಲಾಟೇಲಿ ಯಾರ್ ಹತ್ರ ಹೇಳೋದು ಅಂತ ಸುಮ್ಕಿದ್ದೆ. ಆ ಡಾಕ್ಟ್ರಮ್ಮ ಶನಿವಾರ ಇರ್ತಾರಾ?" ಎಂದರು.

"ಇರುತ್ತಾರೆ ಅಮ್ಮ, ಒಂಬತ್ತು ಗಂಟೆಗೆ ಬನ್ನಿ, ನಾನೂ ಬರುತ್ತೇನೆ" ಎಂದೆ. ನನಗೂ ಅಂದು ತೋರಿಸಿಕೊಳ್ಳುವುದಿತ್ತು.