ಕೈಯಿಂದ ಹಾಕಿ ಆಡಿದವರು
ಬ್ರಿಟನ್ನಿನ ರಗ್ಬಿ ಲೀಗ್ ಅಂಕಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದುವುದು ನನ್ನ ಹಳೆಯ ಚಟ. ಈ ವಾರವೂ ಅಭ್ಯಾಸಬಲದಿಂದ ಕಣ್ಣು ಲಂಡನ್ ಸ್ಕೋಲರ್ಸ್ ತಂಡದ ಹೆಸರನ್ನೇ ಹುಡುಕಿತು. 2023ರ ನಂತರ ಅವರು ಅಲ್ಲಿಲ್ಲ, ಹವ್ಯಾಸಿಗಳ ಸಾಲಿಗೆ ಮರಳಿದ್ದಾರೆ. ಅಯ್ಯೋ ಎನ್ನಬೇಕಿಲ್ಲ. ಈ ಆಟ ಹುಟ್ಟಿದ್ದೇ ಕಾಸಿನ ಜಗಳದಲ್ಲಿ. ಶನಿವಾರದ ಪಾಳಿ ಬಿಟ್ಟು ಆಡಲು ಬರುವ ಗಣಿ, ಗಿರಣಿ ಕೆಲಸಗಾರನ ಕೂಲಿ ತುಂಬಿಕೊಡಬೇಕೆಂದು ಉತ್ತರ ಇಂಗ್ಲೆಂಡಿನ ಕ್ಲಬ್ಬುಗಳು 1895ರಲ್ಲಿ ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲಿನಲ್ಲಿ ಸೇರಿ ಆಗಿನ ರಗ್ಬಿ ಆಡಳಿತದಿಂದ ಬೇರೆಯಾದವು. ಸರಿಯಾಗಿ ನೂರು ವರ್ಷಕ್ಕೆ, 1995ರಲ್ಲಿ, ಸ್ಕೋಲರ್ಸ್ ಬಂತು: ಓದು ಮುಗಿದರೂ ಆಟ ಬಿಡಲೊಲ್ಲದ ಹಳೆಯ ವಿದ್ಯಾರ್ಥಿಗಳ ತಂಡ. ಲೆಕ್ಕ ಇಲ್ಲಿ ತಿರುಗುಮುರುಗು. ಕೂಲಿ ಹಾಗಿರಲಿ, ಹವ್ಯಾಸಿ ಕ್ಲಬ್ಬಿನಲ್ಲಿ ಆಟಗಾರನೇ ವಂತಿಗೆ ಕೊಡಬೇಕು, ಬೆನ್ನು ಮುರಿಸಿಕೊಳ್ಳುವುದಕ್ಕೂ! 1997ರಲ್ಲಿ ದಕ್ಷಿಣದ ಬೇಸಿಗೆ ಲೀಗ್ ಸೇರಿದರು. ಆಮೇಲೆ ಚಳಿಗಾಲದ ರಾಷ್ಟ್ರೀಯ ಹವ್ಯಾಸಿ ಲೀಗ್, ಅಂದರೆ ಉತ್ತರದ ಯಾರ್ಕ್‌ಷೈರ್, ಲ್ಯಾಂಕಷೈರ್‌ಗಳಿಗೆ ದಂಡಯಾತ್ರೆ. ಕೆಡವಿದವರ ಹಿಡಿತದಿಂದ ಎದ್ದು, ಚೆಂಡನ್ನು ನೆಲಕ್ಕಿಟ್ಟು, ಪಾದದಿಂದ ಹಿಂದಕ್ಕೆ ಉರುಳಿಸುವುದು ಈ ಆಟದ ಅಕ್ಷರಾಭ್ಯಾಸ. ಉತ್ತರದ ಹುಡುಗರಿಗೆ ಅದು ಅಪ್ಪ, ಅಜ್ಜಂದಿರಿಂದ ಬಂದ ಸಲೀಸು. ಅಂಥ ಬಳುವಳಿಯಿಲ್ಲದವರು ದೂರ ಹೋಗಿ, ಮೈ ನುಗ್ಗಾಗಿಸಿಕೊಂಡು, ಸೋಮವಾರ ಕಚೇರಿಗೆ ಕುಂಟುತ್ತ ಹೋಗುವ ಹಟವೇ ನನ್ನ ಲೆಕ್ಕದಲ್ಲಿ ಕ್ಲಬ್ಬಿನ ನಿಜವಾದ ಆಸ್ತಿ. 2003ರಲ್ಲಿ ಅವರು ಹವ್ಯಾಸಿ ಸಾಲು ಬಿಟ್ಟು ನ್ಯಾಷನಲ್ ಲೀಗ್ ಟೂ ಸೇರಿದ್ದನ್ನು ಎಲ್ಲರೂ ಬಡ್ತಿ ಎನ್ನುತ್ತಾರೆ. ಅಲ್ಲಿ ಕಂಡದ್ದು ಹೆಚ್ಚಾಗಿ ಸೋಲು; ನಾನಾಗಿದ್ದರೆ ಮೊದಲ ಎಂಟು ವರ್ಷಕ್ಕೇ ಚೌಕಟ್ಟು ಹಾಕಿಸುತ್ತಿದ್ದೆ.