ಬೂದಿ ಮುಚ್ಚಿದ ಕೆಂಡ

ಬೂದಿ ಮುಚ್ಚಿದ ಕೆಂಡವೆಂಬ ಮಾತು ನಮ್ಮ ಪತ್ರಿಕೆಗಳಲ್ಲಿ ಕಾಣದ ವಾರವಿಲ್ಲ. ಗಲಭೆ ಅಡಗಿದ ಊರು, ಮಂತ್ರಿಪದವಿ ಕೈತಪ್ಪಿದ ಶಾಸಕರ ಗುಂಪು, ಪಾಲು ಸರಿಯಾಗಲಿಲ್ಲವೆಂದು ಮಾತು ಬಿಟ್ಟ ದಾಯಾದಿಗಳು, ಎಲ್ಲರೂ ಎಲ್ಲವೂ ಬೂದಿ ಮುಚ್ಚಿದ ಕೆಂಡವೇ. ಹೀಗೆ ಬಳಸಿ ಬಳಸಿ ಸವೆದುಹೋದ ಆ ನುಡಿಯೊಳಗೆ ಒಂದಾನೊಂದು ಕಾಲದಲ್ಲಿ ನಿಜವಾದ ಬೂದಿಯೂ ನಿಜವಾದ ಕೆಂಡವೂ ಇದ್ದುವೆಂಬುದನ್ನು, ನಮ್ಮ ಅಜ್ಜಿಯಂದಿರು ರಾತ್ರಿ ಅಡಿಗೆ ಮುಗಿಸಿ, ಉರಿವ ಸೌದೆಯನ್ನು ಹಿರಿದು, ಉಳಿದ ಕೆಂಡಗಳನ್ನು ಒಲೆಯ ಮೂಲೆಗೆ ಕೂಡಿಸಿ, ಮೇಲೆ ಬೂದಿಯೆಳೆದು ಮಲಗಿ, ಬೆಳಗಿನ ಜಾವ ಊದುಗೊಳವೆಯ ನಾಲ್ಕು ಉಸಿರಿನಲ್ಲಿ ಅದೇ ಕೆಂಡದಿಂದ ಹೊಸ ಉರಿಯೆಬ್ಬಿಸುತ್ತಿದ್ದರೆಂಬುದನ್ನು ನಾವು ಮರೆತಿದ್ದೇವೆ. ಕೆಂಡ ಆರಿಹೋದ ಮನೆಯವರು ತೆಂಗಿನ ಕರಟ ಹಿಡಿದು ನೆರೆಮನೆಗೆ ಬೆಂಕಿ ಕೇಳಲು ಹೋಗುತ್ತಿದ್ದುದೂ ಉಂಟು. ಬೂದಿಯು ಬೆಂಕಿಗೆ ಹೊದಿಸಿದ ಕಂಬಳಿಯೆಂಬುದು ಅವರಿಗೆ ನಿತ್ಯದ ಅನುಭವ. ಗ್ಯಾಸಿನ ಒಲೆಯ ಗುಂಡಿ ತಿರುಗಿಸಿದೊಡನೆ ಬೆಂಕಿ ಸತ್ತಿತೆಂದು ನಂಬಿ ಬೆಳೆದ ನಮಗೆ ಅದು ಬರಿಯ ಅಲಂಕಾರ.

ಈ ಅಲಂಕಾರದ ವಾಚ್ಯಾರ್ಥವು ನನಗೆ ಮನವರಿಕೆಯಾದದ್ದು ಅಮೆರಿಕದ ಕೆರೊಲೈನಾ ಸೀಮೆಯಲ್ಲಿ ನೆಲಸಿದ ಮೇಲೆ. ದಕ್ಷಿಣ ಕೆರೊಲೈನಾದ ಕಡಲತೀರದಲ್ಲಿ ಮರ್ಟಲ್ ಬೀಚ್ ಎಂಬ ವಿಹಾರನಗರವಿದೆ. ಅದು ಸೇರಿದ ಕೌಂಟಿಯ ಹೆಸರನ್ನು ಕಂಡವರು ಹಾರಿ ಎಂದು ಓದುತ್ತಾರೆ, ಊರವರು ಓರಿ ಎನ್ನುತ್ತಾರೆ. 2009ರ ಏಪ್ರಿಲಿನಲ್ಲಿ ಆ ಕೌಂಟಿಯ ಒಂದು ಹಿತ್ತಿಲಲ್ಲಿ ಕಸಕಡ್ಡಿಗೆ ಹಾಕಿದ ಬೆಂಕಿಯು ಅಂಕೆ ಮೀರಿ, ಬಳಿಕ ಆರಿತೆಂದು ಭಾವಿಸಲ್ಪಟ್ಟು, ಯಾರ ಕಣ್ಣಿಗೂ ಬೀಳದೆ ಕೆಲವು ದಿನ ನೆಲದಲ್ಲೇ ಹೊಗೆಯಾಡುತ್ತಿದ್ದು, 22ನೆಯ ತಾರೀಕು ಗಾಳಿ ಬೀಸಿದೊಡನೆ ಕಾಡಿಗೆ ಹಾರಿತೆಂಬುದು ತನಿಖೆ ನಡೆಸಿದ ಅರಣ್ಯಾಧಿಕಾರಿಗಳ ನಿರ್ಣಯ. ಆ ರಾತ್ರಿ ಕಳೆಯುವುದರೊಳಗೆ ಬೆಂಕಿ ನಾರ್ತ್ ಮರ್ಟಲ್ ಬೀಚಿನ ಬೇರ್‌ಫುಟ್ ಬಡಾವಣೆಯನ್ನು ಮುಟ್ಟಿತು. ಸುಮಾರು 2,500 ಮಂದಿ ಮನೆ ಬಿಟ್ಟು ಹೊರಟರು. 76 ಮನೆಗಳು ಸುಟ್ಟು ನೆಲಸಮವಾದುವು. ಇನ್ನೂ ತೊಂಬತ್ತಕ್ಕೂ ಮಿಕ್ಕಿದುವು ಜಖಂಗೊಂಡುವು. ದಹಿಸಿದ ನೆಲ 19,000 ಎಕರೆಗೆ ಮೀರಿದ್ದು, ಎಂದರೆ ಹೆಚ್ಚುಕಡಿಮೆ 30 ಚದರ ಮೈಲಿ. ಪ್ರಾಣಹಾನಿಯಾಗದೆ ಉಳಿದದ್ದು ಪುಣ್ಯ.

ಈ ವೃತ್ತಾಂತವನ್ನು ಕೇಳಿದವರು ಸಾಮಾನ್ಯವಾಗಿ ಬೆಂಕಿ ಹಾಕಿದ ಮನುಷ್ಯನ ಅವಿವೇಕವನ್ನು ಕುರಿತು ಎರಡು ಮಾತಾಡಿ ಮುಂದೆ ಸಾಗುತ್ತಾರೆ. ನನ್ನ ಮನಸ್ಸನ್ನು ಕಾಡಿದ್ದು ಆ ನಡುವಣ ದಿನಗಳು. ಉರಿಯಿಲ್ಲ, ಸದ್ದಿಲ್ಲ, ಊರು ತನ್ನ ಪಾಡಿಗೆ ತಾನು ಕೆಲಸಕ್ಕೆ ಹೋಗಿ ಬರುತ್ತಿದೆ, ಬೆಂಕಿ ಮಾತ್ರ ಬೇರು ಹಿಡಿದು, ಒಣಗಿದ ಜೌಗುಮಣ್ಣನ್ನು ಹಿಡಿದು, ಮೆಲ್ಲಗೆ ಮೇಯುತ್ತಿದೆ. ಆ ಕರಾವಳಿಯ ನೆಲದ ಸ್ವಭಾವವೇ ಹಾಗೆ. ಅಲ್ಲಿ ಪೊಕೋಸಿನ್ ಎಂದು ಕರೆಯುವ ಪೊದೆಗಾಡುಗಳುಂಟು. ಶತಮಾನಗಳಿಂದ ಬಿದ್ದ ಎಲೆಬೇರುಗಳು ಪೂರ್ಣವಾಗಿ ಕೊಳೆಯದೆ ಪದರಪದರವಾಗಿ ಶೇಖರವಾದ ಕಪ್ಪು ಮಣ್ಣೇ ಅವುಗಳ ತಳ. ನೀರು ತುಂಬಿರುವಾಗ ಅದು ಕೆಸರು, ಬತ್ತಿದಾಗ ಇಂಧನ. 2011ರಲ್ಲಿ ವರ್ಜೀನಿಯ ಮತ್ತು ಉತ್ತರ ಕೆರೊಲೈನಾಗಳ ಗಡಿಯಲ್ಲಿರುವ ಗ್ರೇಟ್ ಡಿಸ್ಮಲ್ ಎಂಬ ಮಹಾಜೌಗಿಗೆ ಸಿಡಿಲಿನಿಂದ ಬೆಂಕಿ ತಗುಲಿದಾಗ, ಅದೇ ತಿಂಗಳು ಐರೀನ್ ಚಂಡಮಾರುತವು ಬಂದು ಧಾರಾಕಾರವಾಗಿ ಮಳೆ ಸುರಿಸಿದರೂ ಬೆಂಕಿ ಸಾಯಲಿಲ್ಲ. ಮೂರು ತಿಂಗಳಿಗೂ ಮೀರಿ ಅದು ನೆಲದೊಳಗೇ ಜೀವಿಸಿತ್ತು. ಚಂಡಮಾರುತಕ್ಕೆ ಆಗದ ಕೆಲಸವನ್ನು ಹಿತ್ತಿಲ ಕೊಳಾಯಿಯ ರಬ್ಬರು ಪೈಪಿನಿಂದ ಹತ್ತು ನಿಮಿಷದಲ್ಲಿ ಮಾಡಿ ಮುಗಿಸಿದೆನೆಂದು ಗೃಹಸ್ಥನು ಒಳಗೆ ಹೋಗಿ ಕಾಫಿ ಕುಡಿಯುತ್ತಾನೆ.

ಆ ಗೃಹಸ್ಥರಲ್ಲಿ ನಾನೂ ಒಬ್ಬ. ಷಾರ್ಲಟ್ ನಗರದ ಹೊರಗೆ, ಕಸದ ಗಾಡಿಯು ಎಲೆಕೊಂಬೆಗಳನ್ನು ಒಯ್ಯದ ಕಡೆ ಮನೆ ಮಾಡಿದ ಮೊದಲ ವರ್ಷ, ಬಿದ್ದ ಕೊಂಬೆರೆಂಬೆಗಳನ್ನು ಒಟ್ಟಿ, ಬೇಕಾದ ಪರವಾನಗಿ ಪಡೆದು, ಗಾಳಿಯಿಲ್ಲದ ಒಂದು ಬೆಳಿಗ್ಗೆ ಸುಟ್ಟು, ನೀರು ಚೆಲ್ಲಿ ನಿಶ್ಚಿಂತನಾದೆ. ಮೂರನೆಯ ದಿನ, ಗುಲಾಬಿ ಗಿಡಗಳ ಬುಡಕ್ಕೆ ಬೂದಿ ಹಾಕೋಣವೆಂದು ಗುದ್ದಲಿಯಿಂದ ಗುಡ್ಡೆಯನ್ನು ಕೆದಕಿದರೆ, ನಡುವೆ ಒಂದು ಓಕ್ ಬೊಡ್ಡೆಯ ತುಂಡು ದಾಸವಾಳದ ಮೊಗ್ಗಿನಂತೆ ಕೆಂಪಗೆ ಕಣ್ಣು ಬಿಟ್ಟಿತು. ಆಗ ಊರಿನಿಂದ ಬಂದಿದ್ದ ನಮ್ಮ ತಾಯಿ ಕಿಟಕಿಯಿಂದ ನೋಡಿ, “ಬೂದಿ ಮುಚ್ಚಿಟ್ಟರೆ ಆರತ್ತೇನೋ? ಬೆಳಿಗ್ಗೆ ಒಲೆ ಹಚ್ಚೋದಕ್ಕೆ ನಾವು ಮುಚ್ಚಿಡ್ತಿದ್ದದ್ದು!” ಎಂದು ನಕ್ಕರು. ಎರಡು ಪದವಿ ಪಡೆದು ಬಂದ ನನಗೆ ಆ ಹೊತ್ತು ಮರುಮಾತು ತೋಚಲಿಲ್ಲ.

ಹಿತ್ತಿಲ ಬೆಂಕಿಯ ಹಾವಳಿ ಅಪರೂಪದ ಆಕಸ್ಮಿಕವೆಂದು ಯಾರೂ ಭಾವಿಸಬೇಕಾಗಿಲ್ಲ. ಎರಡೂ ಕೆರೊಲೈನಾಗಳಲ್ಲಿ ಕಾಡ್ಗಿಚ್ಚಿಗೆ ಮೊದಲ ಕಾರಣವೆಂದು ಅರಣ್ಯ ಇಲಾಖೆಗಳು ಹೇಳುತ್ತ ಬಂದಿರುವುದು ಈ ಕಸ ಸುಡುವಿಕೆಯನ್ನೇ. 2023ರ ನವೆಂಬರಿನಲ್ಲಿ ಉತ್ತರ ಕೆರೊಲೈನಾದ ಹೆಂಡರ್ಸನ್ ಕೌಂಟಿಯಲ್ಲಿ ಕಸದ ಬೆಂಕಿಯೊಂದು ಹೊರಬಿದ್ದು 400 ಎಕರೆಗೂ ಹೆಚ್ಚು ನೆಲವನ್ನು ನುಂಗಿತು. 2025ರ ಮಾರ್ಚಿನ ಮೊದಲ ಶನಿವಾರ ಭಾನುವಾರಗಳಲ್ಲಿ ದಕ್ಷಿಣ ಕೆರೊಲೈನಾದಾದ್ಯಂತ 175ಕ್ಕೂ ಮಿಕ್ಕಿ ಬೆಂಕಿಗಳೆದ್ದು, ಗವರ್ನರ್ ಹೆನ್ರಿ ಮೆಕ್‌ಮಾಸ್ಟರರು ತುರ್ತುಪರಿಸ್ಥಿತಿ ಸಾರಬೇಕಾಯಿತು. ಅವುಗಳಲ್ಲಿ ದೊಡ್ಡದು ಹೊತ್ತಿದ್ದು ಮತ್ತೆ ಅದೇ ಓರಿ ಕೌಂಟಿಯಲ್ಲಿ. ಅದಕ್ಕೂ ಹಿತ್ತಿಲ ಬೆಂಕಿಯೇ ಕಾರಣವೆಂದು ಆಪಾದನೆ ಬಂದಿತು. ಆದರೆ ಆಪಾದನೆ ಬೇರೆ, ತೀರ್ಪು ಬೇರೆ, ಆದ್ದರಿಂದ ಅದರ ಮೇಲೆ ನಾನು ವಾದವನ್ನು ಕಟ್ಟುವುದಿಲ್ಲ.

ಕಾನೂನುಗಳು ಇಲ್ಲವೆಂದಲ್ಲ. ವರ್ಜೀನಿಯದಲ್ಲಿ ಫೆಬ್ರವರಿ 15ರಿಂದ ಏಪ್ರಿಲ್ 30ರವರೆಗೆ, ಕಾಡಿಗೋ ಒಣಹುಲ್ಲಿಗೋ 300 ಅಡಿಯೊಳಗೆ ಸಂಜೆ ನಾಲ್ಕು ಗಂಟೆಗೆ ಮುಂಚೆ ಬೆಂಕಿ ಹಾಕತಕ್ಕದ್ದಲ್ಲ. ಇದರಲ್ಲಿ ವಿವೇಕವಿದೆ: ಎಲೆಯುದುರಿದ ಮರಗಳ ನಡುವೆ ಬಿಸಿಲು ನೆಲಕ್ಕಿಳಿದು ತರಗೆಲೆಯನ್ನು ಹಪ್ಪಳ ಮಾಡುವ ಕಾಲವದು, ನಮ್ಮ ಬಂಡೀಪುರವೂ ಉರಿಯುವುದು ಅದೇ ಮಾಘ ಫಾಲ್ಗುಣಗಳಲ್ಲಿಯೇ, ಸಂಜೆಯಾದರೆ ಗಾಳಿ ತಗ್ಗಿ ತೇವವೇರುತ್ತದೆ. ಜಾರ್ಜಿಯದಲ್ಲಿ ಅಟ್ಲಾಂಟವೂ ಸೇರಿದಂತೆ 54 ಕೌಂಟಿಗಳಲ್ಲಿ ಮೇ ತಿಂಗಳಿಂದ ಸೆಪ್ಟೆಂಬರ್ ಕೊನೆಯ ತನಕ ಸುಡುವುದು ನಿಷಿದ್ಧ. ಆದರೆ ಉಳಿದ ಕಾಲದಲ್ಲಿ ಕೈಯಿಂದ ಒಟ್ಟಿದ ಎಲೆಕಡ್ಡಿ ಸುಡಲು ಬೇಕಾಗಿದ್ದ ಪರವಾನಗಿಯನ್ನು 2021ರ ಜುಲೈಯಿಂದ ತೆಗೆದುಹಾಕಿದ್ದಾರೆ. ಇದು ತಪ್ಪೆಂದೇ ನನ್ನ ಮತ. ಆ ಪರವಾನಗಿ ಕೇಳುವ ನೆವದಲ್ಲಿಯಾದರೂ ಮನುಷ್ಯನು ಒಂದು ಕ್ಷಣ ನಿಂತು ಇಂದಿನ ಗಾಳಿ ಹೇಗಿದೆಯೆಂದು ವಿಚಾರಿಸುತ್ತಿದ್ದ. ಇರಲಿ, ಈ ಎಲ್ಲ ವಿಧಿಗಳ ಒತ್ತು ಬೆಂಕಿಯನ್ನು ಯಾವಾಗ, ಎಷ್ಟು ದೂರದಲ್ಲಿ ಹೊತ್ತಿಸಬೇಕೆಂಬುದರ ಮೇಲೆ. ನೋಡಿಕೊಳ್ಳಬೇಕೆಂದು ಒಂದು ಮಾತು ಸೇರಿಸಿದ್ದಾರೆ ನಿಜ. ಆದರೆ ಸುಟ್ಟ ಮರುದಿನ, ಅದರ ಮರುದಿನ, ಬೂದಿಯನ್ನು ಕೆದಕಿ ನೋಡಿದೆಯಾ ಎಂದು ಕೇಳುವವರು ಯಾರೂ ಇಲ್ಲ.

ಕಾಡಿಗೂ ಬೆಂಕಿ ಬೇಕಲ್ಲವೇ ಎಂದು ಬಲ್ಲವರು ಆಕ್ಷೇಪಿಸಬಹುದು. ಬೇಕು. ಕೆರೊಲೈನಾದ ಉದ್ದೆಲೆಯ ಪೈನ್ ಕಾಡುಗಳು ಆಗಾಗ ತಗುಲುವ ನೆಲಬೆಂಕಿಯಿಂದಲೇ ಬದುಕಿದುವು. ಉತ್ತರ ಕೆರೊಲೈನಾದ ವಿಲ್ಮಿಂಗ್ಟನ್ನಿನ ಸುತ್ತ, ಎರಡೂ ಕೆರೊಲೈನಾಗಳ ನೆಲದಲ್ಲಲ್ಲದೆ ಭೂಮಿಯ ಮೇಲೆ ಬೇರೆಲ್ಲಿಯೂ ತಾನಾಗಿ ಬೆಳೆಯದ, ನೊಣ ಹಿಡಿದು ತಿನ್ನುವ ವೀನಸ್ ಫ್ಲೈಟ್ರ್ಯಾಪ್ ಎಂಬ ವಿಚಿತ್ರ ಗಿಡವು, ಬೆಂಕಿ ಬಂದು ಪೊದೆಗಳನ್ನು ತೆರವುಗೊಳಿಸದಿದ್ದರೆ ನೆರಳಿಗೆ ಸಿಕ್ಕಿ ಸಾಯುತ್ತದೆ. ಆದರೆ ಅರಣ್ಯದವರು ಹಾಕುವ ಆ ಬೆಂಕಿಗೆ ಮುಂಚೆ ಬೆಂಕಿರೇಖೆ ಕಡಿದಿರುತ್ತದೆ, ಜನ ನಿಂತಿರುತ್ತಾರೆ, ಉರಿ ಇಳಿದ ಮೇಲೆ ಬೊಡ್ಡೆಬೊಡ್ಡೆಯನ್ನೂ ತಡವಿ ಆರಿಸುವ ಬೇಸರದ ಕೆಲಸ ಉಳಿದಿರುತ್ತದೆ. ನಮ್ಮ ಹಿತ್ತಿಲಲ್ಲಿ ಇರುವುದು ಒಬ್ಬ ಮನುಷ್ಯ, ಒಂದು ಬೆಂಕಿಪೆಟ್ಟಿಗೆ, ಮಧ್ಯಾಹ್ನಕ್ಕೆ ಮುಗಿಸಿ ಕನ್ನಡ ಸಂಘದ ಯುಗಾದಿ ಊಟಕ್ಕೆ ಹೋಗುವ ಅವಸರ.

ಇಷ್ಟಕ್ಕೂ ನಾವು ಸುಡುವುದಾದರೂ ಏನನ್ನು? ಒಣಗಿ ಉದುರಿದ ಎಲೆಯನ್ನು. ಶಿರಸಿ ಸಾಗರಗಳ ಸೀಮೆಯಲ್ಲಿ ಅದಕ್ಕೆ ದರಕು ಎನ್ನುತ್ತಾರೆ. ಬೇಸಗೆಯ ಆರಂಭದಲ್ಲಿ ಬೆಟ್ಟಕ್ಕೆ ಹೋಗಿ ಅದನ್ನು ಗುಡಿಸಿ, ಕಲ್ಲಿಯಲ್ಲೋ ಬುಟ್ಟಿಯಲ್ಲೋ ಹೊತ್ತು ತಂದು ಕೊಟ್ಟಿಗೆಗೆ ಹಾಸಿ, ಗೊಬ್ಬರ ಮಾಡಿ ಅಡಕೆ ತೋಟಕ್ಕೆ ಹಾಕುತ್ತಾರೆ. ತೋಟಕ್ಕೆ ಸಾರವೂ ಆಯಿತು, ಬೆಟ್ಟದಲ್ಲಿ ಬೆಂಕಿಗೆ ಮೇವು ಇಲ್ಲದಂತೆಯೂ ಆಯಿತು. ದರಕಿನ ಒಂದೊಂದು ಹೊರೆಗೂ ಬೆಲೆ ಕಟ್ಟುತ್ತಿದ್ದ ಮನೆಗಳಿಂದ ಬಂದ ಮಕ್ಕಳು ವರ್ಜೀನಿಯದ ಆ್ಯಶ್‌ಬರ್ನಿನಲ್ಲಿ, ಜಾರ್ಜಿಯದ ಆಲ್ಫರೆಟ್ಟದಲ್ಲಿ, ಉತ್ತರ ಕೆರೊಲೈನಾದ ಕ್ಯಾರಿಯಲ್ಲಿ ಮನೆ ಕೊಂಡು, ಅದೇ ಎಲೆಯನ್ನು ಕಸವೆಂದು ಕರೆದು, ತೊಲಗಿಸುವ ಉಪಾಯ ಹುಡುಕುವುದು ನನಗೆ ಬೆಂಕಿಗಿಂತಲೂ ವಿಷಾದದ ಸಂಗತಿಯಾಗಿ ಕಾಣುತ್ತದೆ. ಮೂಲೆಯಲ್ಲೊಂದು ಗುಂಡಿ ಮಾಡಿ ಎಲೆಯನ್ನು ಅಲ್ಲಿಗೆ ಸರಿಸಿದರೆ ಮರುವರ್ಷ ಬದನೆ ಮೆಣಸಿನಕಾಯಿಗಳ ಬುಡಕ್ಕೆ ಅಂಗಡಿಯ ಗೊಬ್ಬರದ ಚೀಲ ಬೇಕಾಗುವುದಿಲ್ಲ. ಎಲೆ ಒಯ್ಯುವ ಗಾಡಿ ಬರುವ ಊರಾದರೆ ಉತ್ತರ ಕೆರೊಲೈನಾದಲ್ಲಿ ಎಲೆ ಸುಡುವುದೇ ಅಪರಾಧ. ಪಾಯ್ಸನ್ ಐವಿ ಬಳ್ಳಿ ಸುತ್ತಿದ ಕೊಂಬೆಯನ್ನಂತೂ ಎಲ್ಲಿಯೂ ಸುಡಬಾರದು; ಅದರ ಹೊಗೆ ಪುಪ್ಫುಸಕ್ಕೇ ವಿಷ.

ಆದುದರಿಂದ ನನ್ನ ಬಿನ್ನಹವಿಷ್ಟು: ಸುಡದಿರಲು ಸಾಧ್ಯವಿದ್ದರೆ ಸುಡಬೇಡಿ. ಸುಡಲೇಬೇಕಾದರೆ, ಉರಿ ಇಳಿದ ಮೇಲೆ ಬೂದಿ ಕೆಸರಾಗುವಷ್ಟು ನೀರು ಹೊಯ್ಯಿರಿ, ಗುದ್ದಲಿಯಿಂದ ತಳ ಕಾಣುವ ತನಕ ತಿರುವಿ ಹಾಕಿ ಇನ್ನೊಮ್ಮೆ ಹೊಯ್ಯಿರಿ, ಮರುದಿನವೂ ಅದರ ಮರುದಿನವೂ ಹೋಗಿ ಮುಂಗೈಯನ್ನು ಬೂದಿಯ ಹತ್ತಿರ ಹಿಡಿದು ನೋಡಿರಿ. ಬೆಚ್ಚಗಿದ್ದರೆ ಮತ್ತೊಂದು ಬಕೆಟ್ಟು ನೀರು ತನ್ನಿ.