ಕೆರೆ ತುಂಬಿತು, ಮೀನು ಯಾರದು?

ಮುಳವಾಡ, ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣಾ ನೀರು ಬಂದ ಮೇಲೆ ತಿಕೋಟಾ, ಬಬಲೇಶ್ವರ ಭಾಗದ ಕೆರೆಗಳಲ್ಲಿ ಮೀನೂ ಸಿಗ್ತಿದೆ. ರಜೆ ದಿನ ಗಾಳ ಹಿಡಿದು ದಂಡಿ ಮೇಲೆ ಕುಂದ್ರೋ ಹುಡುಗರ ಲೆಕ್ಕ ಸರಳ: ನೀರು ಸರ್ಕಾರದ್ದು, ಮೀನು ಎಲ್ಲರದ್ದು.

ಅಲ್ಲೇ ತಪ್ಪೋದು. ಕಾಟ್ಲಾ, ರೋಹು ಹರಿಯೋ ನೀರಿನ ಮೀನು. ನಿಂತ ಕೆರೆಯಲ್ಲಿ ಸಾಮಾನ್ಯವಾಗಿ ಮೊಟ್ಟೆ ಇಡಲ್ಲ. ಗುತ್ತಿಗೆ ಹಿಡಿದವರು ರೊಕ್ಕ ಕೊಟ್ಟು ಮರಿ ತಂದು ಬಿಟ್ಟಿರ್ತಾರೆ. ಗಾಳಕ್ಕೆ ಬಿದ್ದ ಎರಡು ಕೆ.ಜಿ. ಮೀನು ಅವರ ಬಂಡವಾಳ.

ವಿಷ, ಸಿಡಿಮದ್ದು ಹಾಕೋದಂತೂ ಒಳನಾಡು ಮೀನುಗಾರಿಕೆಯ 1996ರ ರಾಜ್ಯ ಕಾಯ್ದೆ ಪ್ರಕಾರ ಅಪರಾಧ. ಭೂತನಾಳದಂಥ ಕುಡಿಯೋ ನೀರಿನ ಕೆರೆಯಲ್ಲಿ ಕೇಳೋದೇ ಬೇಡ.

ಗುತ್ತಿಗೆ ಯಾರದು, ಎಲ್ಲಿವರೆಗೆ ಅಂತ ದಂಡಿ ಮೇಲೆ ಒಂದು ಬೋರ್ಡ್ ಹಾಕಿದ್ರೆ ಅರ್ಧ ಜಗಳ ಕಡಿಮೆ. ಅಲ್ಲಿವರೆಗೆ ಪಂಚಾಯಿತಿ ಅಥವಾ ಮೀನುಗಾರಿಕೆ ಇಲಾಖೆಯಲ್ಲಿ ಕೇಳಿಯೇ ಗಾಳ ಹಾಕಬೇಕು.